ರನ್‌ವೇ ಇಲ್ಲದ ಕಮಾಂಡ್

ಬಜಾಜ್ ನಗರದಲ್ಲಿ ಮನೆ ಮಾಡಿರುವವರಿಗೆ ವಾಯುಪಡೆ ಎರಡು ದಿಕ್ಕಿನಲ್ಲಿ ಸಿಗುತ್ತದೆ. ದಕ್ಷಿಣಕ್ಕೆ ಹೋದರೆ ಸೋನೇಗಾಂವ್. ಅಲ್ಲಿ ವಿಮಾನಗಳು ಏರುತ್ತವೆ, ಇಳಿಯುತ್ತವೆ, ಅವುಗಳ ಸದ್ದು ಮನೆಯ ಕಿಟಕಿಗೂ ಮುಟ್ಟುತ್ತದೆ. ಉತ್ತರಕ್ಕೆ ಹೊರಟು, ಅಂಬಾಝರಿ ದಾಟಿ, ಫುಟಾಳಾ ಕೆರೆಯ ಕಡೆಯಿಂದ ಏರು ಹತ್ತಿದರೆ ವಾಯುಸೇನಾ ನಗರ. ಅಲ್ಲಿ ರನ್‌ವೇ ಇಲ್ಲ, ಯುದ್ಧವಿಮಾನಗಳ ಸಾಲೂ ಇಲ್ಲ. ಇರುವುದು ಕಚೇರಿಗಳು, ವಸತಿಗೃಹಗಳು, ಮರಗಳ ನೆರಳಿನ ರಸ್ತೆಗಳು. ಹೊರಗಿನಿಂದ ನೋಡುವವರಿಗೆ ಇದು ಯಾವುದೋ ಸರ್ಕಾರಿ ಕಾಲೊನಿ. ಆದರೆ ಭಾರತೀಯ ವಾಯುಪಡೆಯ ವಿಮಾನಗಳ, ಎಂಜಿನ್‌ಗಳ, ಕ್ಷಿಪಣಿಗಳ, ರಾಡಾರ್‌ಗಳ ದೊಡ್ಡ ದುರಸ್ತಿಯ ಹೊಣೆ ಹೊತ್ತ ಮೇಂಟೆನೆನ್ಸ್ ಕಮಾಂಡ್‌ನ ಕೇಂದ್ರ ಕಚೇರಿ ಇರುವುದು ಇಲ್ಲೇ.

ವಾಯುಪಡೆಗೆ ಏಳು ಕಮಾಂಡ್‌ಗಳು. ದೆಹಲಿ, ಶಿಲಾಂಗ್, ಪ್ರಯಾಗರಾಜ್, ಗಾಂಧಿನಗರ, ತಿರುವನಂತಪುರಗಳಲ್ಲಿರುವ ಐದು ಕಮಾಂಡ್‌ಗಳ ಕೆಲಸ ಕಾದಾಟ. ಆರನೆಯದು ಬೆಂಗಳೂರಿನ ಟ್ರೈನಿಂಗ್ ಕಮಾಂಡ್, ಏಳನೆಯದು ನಾಗಪುರದ್ದು. ಒಂದು ಊರು ಹುಡುಗರನ್ನು ತಯಾರು ಮಾಡುತ್ತದೆ, ಇನ್ನೊಂದು ಊರು ಯಂತ್ರಗಳನ್ನು ಉಳಿಸಿಕೊಳ್ಳುತ್ತದೆ. ವಾಯುಪಡೆಯ ಎಂಜಿನಿಯರಿಂಗ್ ಅಧಿಕಾರಿಗಳು ಕಲಿಯುವ ತಾಂತ್ರಿಕ ಕಾಲೇಜು 1949ರಿಂದ ಇರುವುದು ಜಾಲಹಳ್ಳಿಯಲ್ಲಿ. ಏರ್‌ಮನ್ ಆಗಿ ಸೇರುವ ಹುಡುಗನ ಮೊದಲ ಕವಾಯತು ಬೆಳಗಾವಿಯ ಸಾಂಬ್ರಾದಲ್ಲಿ. ಹಾಗಾಗಿ ನಾಗಪುರದ ಈ ಸಂಸ್ಥೆಯ ಚರಿತ್ರೆ ಬರೆಯಲು ಹೊರಟರೆ ಕರ್ನಾಟಕದ ಹೆಸರುಗಳು ತಾವಾಗಿಯೇ ಎದುರಾಗುತ್ತವೆ.

ಪತ್ರಿಕೆಗಳಲ್ಲಿ ವಾಯುಪಡೆಯ ಬಲವನ್ನು ಸ್ಕ್ವಾಡ್ರನ್‌ಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಮಂಜೂರಾದದ್ದು 42, ಈಗ ಇರುವುದು 29. ಈ ಲೆಕ್ಕ ಸುಳ್ಳಲ್ಲ, ಆದರೆ ಅರ್ಧ ಲೆಕ್ಕ. ಕೊಟ್ಟಿಗೆಯಲ್ಲಿ ಕಟ್ಟಿರುವ ಎತ್ತುಗಳು ಎಷ್ಟು ಎಂದು ಊರವರು ಎಣಿಸುತ್ತಾರೆ. ನೊಗಕ್ಕೆ ಹೆಗಲು ಕೊಡುವವು ಎಷ್ಟು ಎಂಬುದು ಉಳುವವನಿಗೆ ಮಾತ್ರ ಗೊತ್ತು. ಒಂದು ಸ್ಕ್ವಾಡ್ರನ್‌ನ ಹದಿನಾರೋ ಹದಿನೆಂಟೋ ವಿಮಾನಗಳಲ್ಲಿ ನಾಳೆ ಬೆಳಗ್ಗೆ ಹಾರುವವು ಎಷ್ಟು ಎಂಬ ಇನ್ನರ್ಧ ಲೆಕ್ಕ ಬಹುಮಟ್ಟಿಗೆ ತೀರ್ಮಾನವಾಗುವುದು ನಾಗಪುರದ ಅಧೀನದಲ್ಲಿರುವ ಡಿಪೋಗಳಲ್ಲಿ.

ಈ ಪರಂಪರೆಯ ಬೇರು ವಾಯುಪಡೆಯಷ್ಟೇ ಹಳೆಯದು. 1932ರ ಅಕ್ಟೋಬರ್ 8ರಂದು ಕಾಗದದ ಮೇಲೆ ಹುಟ್ಟಿದ ಪಡೆ, 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಘ್ ರೋಡ್‌ನಲ್ಲಿ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಕೆಲಸ ಆರಂಭಿಸಿತು. ಜೊತೆಗಿದ್ದವರು ಕೆಲವೇ ಅಧಿಕಾರಿಗಳು ಮತ್ತು 19 ಮಂದಿ ‘ಹವಾಯಿ ಸಿಪಾಯಿ’ಗಳು. ಈ ಸಿಪಾಯಿಗಳೇ ಎಂಜಿನ್ ಬಿಚ್ಚುವವರು, ರೆಕ್ಕೆಗೆ ಬಟ್ಟೆ ಹೊಲಿಯುವವರು, ತಂತಿ ಬಿಗಿಯುವವರು. ಅವರಲ್ಲಿ ಹರ್ಜಿಂದರ್ ಸಿಂಗ್ ಎಂಬ ಯುವಕನಿದ್ದ. ಲಾಹೋರಿನಲ್ಲಿ ಎಂಜಿನಿಯರಿಂಗ್ ಓದಿದವನು ಬೇರೆ ಉದ್ಯೋಗ ಹಿಡಿಯಬಹುದಿತ್ತು. ಆದರೆ ವಾಯುಪಡೆಯ ಅತ್ಯಂತ ಕೆಳಗಿನ ಮೆಟ್ಟಿಲಿನಲ್ಲಿ ಬಂದು ನಿಂತ. ನಿವೃತ್ತನಾದದ್ದು ಏರ್ ವೈಸ್ ಮಾರ್ಷಲ್ ಆಗಿ. ಮೇಂಟೆನೆನ್ಸ್ ಕಮಾಂಡ್‌ನ ಕತೆಯಲ್ಲಿ ಒಬ್ಬರ ಹೆಸರನ್ನು ಮಾತ್ರ ಹೇಳಬೇಕೆಂದರೆ ಅದು ಅವರದೇ.

ದೇಶ ವಿಭಜನೆಯಾದಾಗ ಡ್ರಿಘ್ ರೋಡ್‌ನ ದೊಡ್ಡ ಡಿಪೋ ಪಾಕಿಸ್ತಾನಕ್ಕೆ ಹೋಯಿತು. ಭಾರತದ ಪಾಲಿಗೆ ಉಳಿದದ್ದರಲ್ಲಿ ಮುಖ್ಯವಾದದ್ದು ಕಾನ್ಪುರದ ಡಿಪೋ. ಅಲ್ಲೊಂದು ವಿಮಾನಗಳ ಸ್ಮಶಾನವಿತ್ತು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಅಮೆರಿಕದಿಂದ ಲೆಂಡ್-ಲೀಸ್ ಒಪ್ಪಂದದಡಿ ಪಡೆದಿದ್ದ ನಾಲ್ಕು ಎಂಜಿನ್‌ಗಳ ಬಿ-24 ಲಿಬರೇಟರ್ ಬಾಂಬರ್‌ಗಳು ಅಲ್ಲಿ ಬಿದ್ದಿದ್ದವು. ಯುದ್ಧ ಮುಗಿದ ಮೇಲೆ ಅವು ಮತ್ತೆ ಹಾರಬಾರದೆಂದು ಬೇಕೆಂದೇ ಕೆಡಿಸಿ ಬಿಟ್ಟುಹೋಗಿದ್ದರು. ಹೊಸ ಬಾಂಬರ್ ಕೊಳ್ಳಲು ಹೊಸ ದೇಶದ ಬಳಿ ಹಣವಿರಲಿಲ್ಲ, ಮಾರುವವರಿಗೂ ಅಷ್ಟು ಮನಸ್ಸಿರಲಿಲ್ಲ. ಆ ಗುಜರಿಯನ್ನೇ ಎಬ್ಬಿಸುವುದೆಂದು ತೀರ್ಮಾನವಾಯಿತು.

ಆ ಕೆಲಸ ಬೆಂಗಳೂರಿನ ಪಾಲಿಗೆ ಬಂತು. ವಾಲ್‌ಚಂದ್ ಹಿರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರ್‌ನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧಕಾಲದಲ್ಲಿ ಅಮೆರಿಕದ ಸೇನೆಯ ದುರಸ್ತಿ ಕೇಂದ್ರವಾಗಿತ್ತು. ದೊಡ್ಡ ವಿಮಾನದ ಹೊಟ್ಟೆಯೊಳಗೆ ಕೈ ಹಾಕಿ ಅಭ್ಯಾಸವಾದ ಕಾರ್ಮಿಕರು ದೇಶದಲ್ಲಿ ಎಲ್ಲಾದರೂ ಇದ್ದರೆ ಅದು ಅಲ್ಲೇ. ಆದರೆ ಕಾನ್ಪುರದಲ್ಲಿ ಬಿದ್ದದ್ದನ್ನು ಬೆಂಗಳೂರಿಗೆ ತರುವುದು ಹೇಗೆ? ರೈಲಿಗೆ ಹಿಡಿಸುವ ಗಾತ್ರವಲ್ಲ. ಕಾನ್ಪುರದಲ್ಲಿ ಒಂದು ವಿಮಾನದ ಒಳ್ಳೆಯ ಅಂಗವನ್ನು ಇನ್ನೊಂದಕ್ಕೆ ಕೂಡಿಸಿ, ಹೇಗೋ ಹಾರುವ ಸ್ಥಿತಿಗೆ ತಂದು, ಕಾರ್ಖಾನೆಯ ಟೆಸ್ಟ್ ಪೈಲಟ್ ಜಮ್ಷೇಡ್ ಮುನ್ಷಿ ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಅರೆಜೀವದ ವಿಮಾನ, ಕೆಳಗೆ ವಿಂಧ್ಯದಿಂದ ದಖ್ಖನ್‌ವರೆಗಿನ ನೆಲ. ಆ ಹಾರಾಟಗಳ ಧೈರ್ಯಕ್ಕೆ ಚರಿತ್ರೆಯಲ್ಲಿ ಸಿಕ್ಕಿರುವ ಜಾಗ ತೀರ ಸಣ್ಣದು.

ಹೀಗೆ ನಲವತ್ತಕ್ಕೂ ಹೆಚ್ಚು ಲಿಬರೇಟರ್‌ಗಳು ಮರುಜನ್ಮ ಪಡೆದವು. 1948ರ ನವೆಂಬರ್‌ನಲ್ಲಿ ಅವುಗಳಿಂದಲೇ 5ನೇ ಸ್ಕ್ವಾಡ್ರನ್ ಹುಟ್ಟಿತು. ಕೊನೆಯ ಲಿಬರೇಟರ್‌ಗಳು ಸೇವೆಯಿಂದ ಇಳಿದದ್ದು 1968ರಲ್ಲಿ. ಕೆಡಿಸಿ ಎಸೆದವರ ಲೆಕ್ಕಕ್ಕಿಂತ ಇಪ್ಪತ್ತು ವರ್ಷ ಹೆಚ್ಚು. ಇಂದು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಕೆಲವೇ ಬಿ-24ಗಳಲ್ಲಿ ಹಲವು ಭಾರತದಿಂದ ಹೋದವು. ಅಮೆರಿಕದ ಅರಿಜೋನಾದಲ್ಲಿರುವ ಪೀಮಾ ಸಂಗ್ರಹಾಲಯದಲ್ಲೂ ಬ್ರಿಟನ್ನಿನ ವಾಯುಪಡೆಯ ಸಂಗ್ರಹಾಲಯದಲ್ಲೂ ಅಂಥವು ನಿಂತಿವೆ.

ಮೇಂಟೆನೆನ್ಸ್ ಕಮಾಂಡ್ ರೂಪುಗೊಂಡದ್ದು 1955ರಲ್ಲಿ, ಅದೇ ಕಾನ್ಪುರದಲ್ಲಿ. ಅದರ ಮುಂದಾಳಾಗಿದ್ದ ಹರ್ಜಿಂದರ್ ಸಿಂಗ್‌ಗೆ ದುರಸ್ತಿ ಮಾಡುವ ಕೈ ವಿಮಾನ ಕಟ್ಟಲೂ ಬಲ್ಲದು ಎಂಬ ನಂಬಿಕೆಯಿತ್ತು. ರಕ್ಷಣಾ ಸಚಿವ ಕೃಷ್ಣ ಮೆನನ್ ಬೆಂಬಲಕ್ಕೆ ನಿಂತರು. ಬ್ರಿಟನ್ನಿನ ಆವ್ರೊ 748 ಸಾಗಣೆ ವಿಮಾನವನ್ನು ವಾಯುಪಡೆಯ ಡಿಪೋದಲ್ಲೇ ಜೋಡಿಸುವ ಕೆಲಸ ಆರಂಭವಾಗಿ, ಮೊದಲ ವಿಮಾನ 1961ರ ನವೆಂಬರ್ 1ರಂದು ಕಾನ್ಪುರದ ಆಕಾಶಕ್ಕೇರಿತು. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ವಾಯುಪಡೆಯ ಮುಖ್ಯಸ್ಥ ಸುಬ್ರೊತೊ ಮುಖರ್ಜಿ ಅವರ ನೆನಪಿಗೆ ಅದಕ್ಕೆ ‘ಸುಬ್ರೊತೊ’ ಎಂದು ಹೆಸರಿಟ್ಟರು. 1964ರಲ್ಲಿ ಈ ಕಾರ್ಖಾನೆ ಎಚ್‌ಎಎಲ್ ಸೇರಿತು. ಅಲ್ಲಿ ಕಟ್ಟಿದ ಆವ್ರೊಗಳನ್ನು ವಾಯುಪಡೆ ಈ ಶತಮಾನದ ಮೂರನೇ ದಶಕದಲ್ಲೂ ಹಾರಿಸುತ್ತಿದೆ.

ಕಮಾಂಡ್‌ನ ಕೇಂದ್ರ ಕಚೇರಿ ಮುಂದೆ ನಾಗಪುರಕ್ಕೆ ಬಂತು. ಈ ಊರಿನ ಆಯ್ಕೆಯನ್ನು ವಿವರಿಸಲು ಭೂಪಟ ಒಂದೇ ಸಾಕು. ನಡುಮಧ್ಯದಲ್ಲಿದೆ, ಯಾವ ಗಡಿಗೂ ಹತ್ತಿರವಲ್ಲ, ನಾಲ್ಕು ದಿಕ್ಕಿನ ಡಿಪೋಗಳಿಗೂ ಹೆಚ್ಚುಕಡಿಮೆ ಒಂದೇ ದೂರ. ಅಂಚೆ ಇಲಾಖೆಗೆ ಇದು ಮೊದಲೇ ತಿಳಿದಿತ್ತು. 1949ರಲ್ಲಿ ಶುರುವಾದ ರಾತ್ರಿ ವಿಮಾನ ಅಂಚೆಯಲ್ಲಿ ದೆಹಲಿ, ಬೊಂಬಾಯಿ, ಕಲ್ಕತ್ತ, ಮದ್ರಾಸುಗಳಿಂದ ಹೊರಟ ನಾಲ್ಕು ವಿಮಾನಗಳು ಮಧ್ಯರಾತ್ರಿಯ ಹೊತ್ತಿಗೆ ಸೋನೇಗಾಂವ್‌ನಲ್ಲಿ ಸಂಧಿಸಿ, ಚೀಲಗಳನ್ನು ಅದಲುಬದಲು ಮಾಡಿಕೊಂಡು, ಬೆಳಗಾಗುವುದರೊಳಗೆ ತಂತಮ್ಮ ಊರಿಗೆ ಮರಳುತ್ತಿದ್ದವು.

ನಾಗಪುರದ ಅಧೀನದಲ್ಲಿರುವ ಬೇಸ್ ರಿಪೇರ್ ಡಿಪೋಗಳನ್ನು ವಾಯುಪಡೆಯವರು ಬಿಆರ್‌ಡಿ ಎಂದೇ ಕರೆಯುತ್ತಾರೆ. ಕಾನ್ಪುರದ 1 ಬಿಆರ್‌ಡಿ ಸಾಗಣೆ ವಿಮಾನಗಳದ್ದು. ಚಂಡೀಗಢದ 3 ಬಿಆರ್‌ಡಿ ಎಂಐ ಸರಣಿಯ ಹೆಲಿಕಾಪ್ಟರ್‌ಗಳದ್ದು. ತುಘಲಕಾಬಾದ್‌ನ 7 ಬಿಆರ್‌ಡಿ ಕ್ಷಿಪಣಿಗಳನ್ನು ನೋಡಿಕೊಳ್ಳುತ್ತದೆ, ನಾಸಿಕ್ ಬಳಿಯ ಓಝರ್‌ನ 11 ಬಿಆರ್‌ಡಿ ಯುದ್ಧವಿಮಾನಗಳನ್ನು. ಇನ್ನೂ ಹಲವಿವೆ, ಜೊತೆಗೆ ಬಿಡಿಭಾಗಗಳನ್ನು ಕೂಡಿಡುವ ಎಕ್ವಿಪ್‌ಮೆಂಟ್ ಡಿಪೋಗಳಿವೆ.

ಯುದ್ಧವಿಮಾನಕ್ಕೆ ಎರಡು ಗಡಿಯಾರ. ಒಂದು ಹಾರಿದ ತಾಸುಗಳನ್ನು ಎಣಿಸುತ್ತದೆ, ಇನ್ನೊಂದು ಕ್ಯಾಲೆಂಡರಿನ ವರ್ಷಗಳನ್ನು. ಯಾವುದು ಮೊದಲು ಮುಗಿದರೂ ವಿಮಾನ ನೆಲಕ್ಕಿಳಿದು ಡಿಪೋ ಸೇರಬೇಕು. ಅಲ್ಲಿ ಬಣ್ಣ ಕೀಳುತ್ತಾರೆ, ಎಂಜಿನ್ ಹೊರಗೆಳೆಯುತ್ತಾರೆ, ರೆಕ್ಕೆ ಕಳಚುತ್ತಾರೆ, ಒಂದೊಂದು ಅಂಗವೂ ತನ್ನ ತನ್ನ ಶಾಪ್‌ಗೆ ಹೋಗುತ್ತದೆ. ಕಣ್ಣಿಗೆ ಕಾಣದ ಬಿರುಕನ್ನು ಬಣ್ಣದ ದ್ರವ ಹಚ್ಚಿ, ಎಕ್ಸ್-ರೇ ಹಿಡಿದು, ವಿದ್ಯುತ್ ಸುಳಿ ಹಾಯಿಸಿ ಹುಡುಕುತ್ತಾರೆ. ಒಣಗಿದ ರಬ್ಬರ್ ಸೀಲ್, ಸವೆದ ಬೇರಿಂಗ್, ಹಳೆಯ ವೈರ್ ಎಲ್ಲ ಬದಲಾಗುತ್ತವೆ. ಮತ್ತೆ ಜೋಡಿಸಿ, ಎಂಜಿನ್ ಓಡಿಸಿ ನೋಡಿ, ಕೊನೆಗೆ ಟೆಸ್ಟ್ ಪೈಲಟ್ ಹಾರಿಸಿ ಒಪ್ಪಿದ ಮೇಲೆಯೇ ಅದು ಸ್ಕ್ವಾಡ್ರನ್‌ಗೆ ಮರಳುವುದು. ಅಲ್ಲಿ ಪ್ರತಿದಿನವೂ ಹಾರಾಟಕ್ಕೆ ಮುನ್ನ ‘ಎಫ್-700’ ಎಂಬ ಪುಸ್ತಕಕ್ಕೆ ತಂತ್ರಜ್ಞರು ಸಹಿ ಹಾಕಬೇಕು. ಇಪ್ಪತ್ತೆರಡು ವರ್ಷದ ಏರ್‌ಮನ್ ಸಹಿ ಹಾಕದಿದ್ದರೆ ಎಂಥ ಹಿರಿಯ ಪೈಲಟ್ ಆದರೂ ಏಣಿ ಹತ್ತುವಂತಿಲ್ಲ. ಈ ಪಡೆಯಲ್ಲಿ ಕೆಳದರ್ಜೆಯವನ ಮಾತಿಗೆ ಇಷ್ಟು ತೂಕ ಕೊಡುವ ಇನ್ನೊಂದು ಕಾಗದವಿಲ್ಲ.

ದುರಸ್ತಿ ಬಲ್ಲವರಿಗೆ ಮಾರ್ಪಾಟೂ ತಿಳಿಯುತ್ತದೆ. 1971ರ ಯುದ್ಧದಲ್ಲಿ 44ನೇ ಸ್ಕ್ವಾಡ್ರನ್‌ನ ಎಎನ್-12 ಸಾಗಣೆ ವಿಮಾನಗಳು ಪಾಕಿಸ್ತಾನದ ಚಾಂಗಾ ಮಾಂಗಾ ಕಾಡಿನಲ್ಲಿದ್ದ ಮದ್ದುಗುಂಡಿನ ದಾಸ್ತಾನಿನ ಮೇಲೆ ಬಾಂಬ್ ಸುರಿದವು. ಸರಕು ಹೊರಲು ಕಟ್ಟಿದ ವಿಮಾನದಿಂದ ಬಾಂಬ್ ಉರುಳಿಸುವ ಏರ್ಪಾಡು ಮಾಡಿಕೊಂಡದ್ದು ವಾಯುಪಡೆಯವರೇ. 2023ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಪ್ರದರ್ಶನದಲ್ಲಿ ಕಂಡ ‘ಸಮರ್’ ಕೂಡ ಅದೇ ಬುದ್ಧಿಯ ಕೂಸು. ಯುದ್ಧವಿಮಾನದ ರೆಕ್ಕೆಯ ಕೆಳಗೆ ತೂಗುವ ರಷ್ಯಾದ ಆರ್-73, ಆರ್-27 ಕ್ಷಿಪಣಿಗಳಿಗೂ ಆಯುಸ್ಸಿದೆ. ಅವಧಿ ಮುಗಿದವನ್ನು ವಿಮಾನಕ್ಕೆ ಕಟ್ಟುವಂತಿಲ್ಲ. ಮೇಂಟೆನೆನ್ಸ್ ಕಮಾಂಡ್‌ನ 7 ಮತ್ತು 11 ಬಿಆರ್‌ಡಿಗಳು ಖಾಸಗಿ ಕಂಪನಿಗಳ ಜೊತೆ ಸೇರಿ ಇವನ್ನು ಟ್ರಕ್ಕಿನ ಮೇಲೆ ಕೂರಿಸಿ, ನೆಲದಿಂದ ಆಕಾಶಕ್ಕೆ ಹಾರುವ ಕ್ಷಿಪಣಿಗಳಾಗಿ ಬದಲಿಸಿದವು. ಅದೇ ವರ್ಷ ಆಂಧ್ರದ ಸೂರ್ಯಲಂಕಾದಲ್ಲಿ ನಡೆದ ಅಸ್ತ್ರಶಕ್ತಿ ಅಭ್ಯಾಸದಲ್ಲಿ ಅವು ಗುರಿ ಹೊಡೆದವು. 2025ರ ಮೇ ತಿಂಗಳ ಆಪರೇಷನ್ ಸಿಂಧೂರದಲ್ಲಿ ವಾಯುರಕ್ಷಣೆಗೆ ನಿಂತ ಅಸ್ತ್ರಗಳ ಪೈಕಿ ಸೋವಿಯೆತ್ ಕಾಲದ ಪೆಚೋರಾ ಕ್ಷಿಪಣಿಗಳೂ ಇದ್ದವೆಂದು ಸರ್ಕಾರವೇ ಹೇಳಿತು. ಹಳೆಯದನ್ನು ಜೀವಂತ ಇಡುವ ವಿದ್ಯೆಗೆ ಬೆಲೆ ತಿಳಿಯುವುದು ಇಂಥ ರಾತ್ರಿಗಳಲ್ಲಿ.

ಆದರೆ ಈ ವಿದ್ಯೆಯ ಹೆಮ್ಮೆಯಲ್ಲಿ ಸಂಕಟವನ್ನು ಮರೆಯುವುದು ತಪ್ಪಾಗುತ್ತದೆ. ಹಳೆಯದನ್ನು ಉಳಿಸಿಕೊಳ್ಳಬಲ್ಲೆವು ಎಂಬ ಭರವಸೆ ಹೊಸದನ್ನು ತರಿಸುವ ಅವಸರವನ್ನು ಕಡಿಮೆ ಮಾಡಿದೆ. ಮಿಗ್-21 ಚಂಡೀಗಢಕ್ಕೆ ಬಂದದ್ದು 1963ರಲ್ಲಿ. ಅದೇ ಚಂಡೀಗಢದಲ್ಲಿ ಬೀಳ್ಕೊಟ್ಟದ್ದು 2025ರ ಸೆಪ್ಟೆಂಬರ್ 26ರಂದು. 870ಕ್ಕೂ ಹೆಚ್ಚು ಬಂದವು, 62 ವರ್ಷ ದುಡಿದವು. ಅದರ ಜಾಗ ತುಂಬಬೇಕಾದ ತೇಜಸ್ ತಡವಾದಾಗಲೆಲ್ಲ ಮಿಗ್‌ಗೆ ಇನ್ನಷ್ಟು ವರ್ಷಗಳ ಆಯುಸ್ಸು ಎಳೆಯಬೇಕಾಯಿತು. ಎಳೆದವರು ಡಿಪೋಗಳ ತಂತ್ರಜ್ಞರು, ಹಾರಿಸಿದವರು ತಮ್ಮ ತಂದೆಯ ವಯಸ್ಸಿನ ವಿನ್ಯಾಸದ ವಿಮಾನವನ್ನು ನಂಬಿದ ತರುಣರು.

ಜಾಗ್ವಾರ್‌ನ ಕತೆ ಇನ್ನೂ ಬೇರೆ. 1979ರಲ್ಲಿ ಅಂಬಾಲಾಕ್ಕೆ ಬಂದ ಈ ವಿಮಾನವನ್ನು ಕಟ್ಟಿದ ಬ್ರಿಟನ್, ಫ್ರಾನ್ಸ್‌ಗಳೇ ಕೈಬಿಟ್ಟು ಬಹಳ ಕಾಲವಾಯಿತು. ಇಂದು ಜಾಗ್ವಾರ್ ಹಾರಿಸುವ ವಾಯುಪಡೆ ಜಗತ್ತಿನಲ್ಲಿ ಭಾರತದ್ದೊಂದೇ. ಕಂಪನಿಯ ಉತ್ಪಾದನೆ ನಿಂತ ಮೇಲೆ ಬಿಡಿಭಾಗ ಎಲ್ಲಿಂದ? 2018ರ ಹೊತ್ತಿಗೆ ಫ್ರಾನ್ಸ್‌ನಿಂದ 31, ಒಮಾನ್ ಮತ್ತು ಬ್ರಿಟನ್‌ಗಳಿಂದ ಇನ್ನು ಕೆಲವು ಹಳೆಯ ಜಾಗ್ವಾರ್‌ಗಳ ಒಡಲುಗಳನ್ನು, ಬಿಚ್ಚಿ ಬಳಸಿಕೊಳ್ಳಲೆಂದೇ, ತರಿಸುವ ಏರ್ಪಾಡಾಯಿತು. ಮಿರಾಜ್ 2000ಕ್ಕೂ ಫ್ರಾನ್ಸ್‌ನ ನಿವೃತ್ತ ವಿಮಾನಗಳನ್ನು ಕೊಳ್ಳಬೇಕಾಯಿತು. ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಕಾನ್ಪುರದ ಮೈದಾನದಲ್ಲಿ ಒಂದು ಲಿಬರೇಟರ್‌ನ ಚಕ್ರವನ್ನು ಇನ್ನೊಂದಕ್ಕೆ ತೊಡಿಸಿದ ಕೆಲಸವನ್ನೇ, ಈಗ ದೇಶದಿಂದ ದೇಶಕ್ಕೆ ಹುಡುಕಾಡಿ ಮಾಡಬೇಕಾಗಿದೆ. ಅಂದು ಅದು ಬಡತನದ ಅನಿವಾರ್ಯ. ಇಂದು ಅದು ತೀರ್ಮಾನಗಳು ತಡವಾದದ್ದರ ಫಲ.

ಎಎನ್-32 ಸಾಗಣೆ ವಿಮಾನ ಲಡಾಖ್, ಅರುಣಾಚಲಗಳ ಕಿರು ರನ್‌ವೇಗಳಿಗೆ ಅಕ್ಕಿ, ಔಷಧ, ಸೈನಿಕರನ್ನು ಹೊತ್ತೊಯ್ಯುವ ಆಳು. 2009ರಲ್ಲಿ ಉಕ್ರೇನ್ ಜೊತೆ ನೂರಕ್ಕೂ ಹೆಚ್ಚು ವಿಮಾನಗಳ ನವೀಕರಣಕ್ಕೆ ಒಪ್ಪಂದವಾಯಿತು. 40 ಅಲ್ಲಿ ಆಗಬೇಕು, ಉಳಿದವು ಕಾನ್ಪುರದ 1 ಬಿಆರ್‌ಡಿಯಲ್ಲಿ. 2014ರಲ್ಲಿ ಉಕ್ರೇನ್ ನೆಲದಲ್ಲೇ ಕಲಹ ಹೊತ್ತಿಕೊಂಡು ಕಾನ್ಪುರಕ್ಕೆ ಬರಬೇಕಾದ ಭಾಗಗಳು, ಪರಿಣತರು ಬರದಾದರು. 2022ರ ಯುದ್ಧ ಗಾಯದ ಮೇಲೆ ಬರೆ ಎಳೆಯಿತು. ಈ ನಡುವೆ 2016ರ ಜುಲೈನಲ್ಲಿ ಚೆನ್ನೈ ಬಳಿಯ ತಾಂಬರಂನಿಂದ ಅಂಡಮಾನ್‌ಗೆ ಹೊರಟ ಎಎನ್-32 ಒಂದು 29 ಜನರೊಂದಿಗೆ ಬಂಗಾಳ ಕೊಲ್ಲಿಯಲ್ಲಿ ಕಾಣೆಯಾಯಿತು. ಅದರ ಅವಶೇಷ ಕಡಲಿನಾಳದಲ್ಲಿ ಪತ್ತೆಯಾದ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. ಏಳೂವರೆ ವರ್ಷ ಆ ಮನೆಗಳು ಏನನ್ನು ನಂಬಿ ಕುಳಿತಿದ್ದವೋ.

ಸಿಎಜಿ ವರದಿಗಳು ಇದೇ ಸಂಗತಿಯನ್ನು ಅಂಕಿಗಳಲ್ಲಿ ಹೇಳುತ್ತವೆ. ವಾಯುಪಡೆಯ ಬೆನ್ನೆಲುಬಾದ ಸುಖೋಯ್-30ಗಳಲ್ಲಿ ಶೇ. 75 ಹಾರಲು ಸಿದ್ಧವಿರಬೇಕಾದಲ್ಲಿ ಶೇ. 55ರಿಂದ 60 ಮಾತ್ರ ಇದ್ದ ಕಾಲವಿತ್ತು. ಆಕಾಶದಲ್ಲೇ ಇಂಧನ ತುಂಬುವ ಐಎಲ್-78 ವಿಮಾನಗಳು ಇರುವುದೇ ಆರು. 2017ರ ವರದಿಯ ಪ್ರಕಾರ ಅವುಗಳ ಸಿದ್ಧತೆ ಶೇ. 49. ಎಂಐ-17 ಹೆಲಿಕಾಪ್ಟರ್‌ಗಳ ನವೀಕರಣ 2002ರಲ್ಲಿ ಪ್ರಸ್ತಾಪವಾಗಿ, ಒಪ್ಪಂದಕ್ಕೆ ಸಹಿ ಬಿದ್ದದ್ದು 2017ರಲ್ಲಿ. ಈ ಹದಿನೈದು ವರ್ಷಗಳ ಭಾರ ಕಡತದ ಮೇಲೆ ಬೀಳಲಿಲ್ಲ, ಚಂಡೀಗಢದ ಶಾಪ್‌ನಲ್ಲಿ ಹಳೆಯ ಹೆಲಿಕಾಪ್ಟರ್‌ಗೆ ಪಾನಾ ಹಿಡಿದವರ ಮೇಲೆ ಬಿತ್ತು.

ಇನ್ನೊಂದು ತೊಡಕು ವೈವಿಧ್ಯದ್ದು. ರಷ್ಯಾದ ಸುಖೋಯ್ ಮತ್ತು ಮಿಗ್-29, ಫ್ರಾನ್ಸ್‌ನ ಮಿರಾಜ್ ಮತ್ತು ರಫೇಲ್, ಜಾಗ್ವಾರ್, ಸ್ವದೇಶಿ ತೇಜಸ್, ಅಮೆರಿಕದ ಸಿ-17, ಸಿ-130, ಅಪಾಚೆ, ಚಿನೂಕ್, ಯುರೋಪಿನ ಸಿ-295. ಒಂದೊಂದಕ್ಕೂ ಬೇರೆ ಕೈಪಿಡಿ, ಬೇರೆ ಸಲಕರಣೆ, ಬೇರೆ ದೇಶದ ಲೈಸೆನ್ಸ್ ಕರಾರು. ಜಗತ್ತಿನ ಎಲ್ಲ ಬಣಗಳಿಂದಲೂ ಕೊಳ್ಳುವುದರಲ್ಲಿ ರಾಜತಾಂತ್ರಿಕ ಲಾಭವಿದೆ. ಅದರ ಬೆಲೆಯನ್ನು ಮಾತ್ರ ದಾಸ್ತಾನು ನೋಡಿಕೊಳ್ಳುವವರು ತೆರುತ್ತಿದ್ದಾರೆ.

ಹೊಸದರ ಸುದ್ದಿ ಇಲ್ಲದಿಲ್ಲ. 2021ರಲ್ಲಿ 83 ತೇಜಸ್ ಮಾರ್ಕ್-1ಎ, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ 97 ವಿಮಾನಗಳಿಗೆ ಎಚ್‌ಎಎಲ್ ಜೊತೆ ಒಪ್ಪಂದವಾಯಿತು. ಆದರೆ ಇದರ ಹೃದಯ ಅಮೆರಿಕದ ಜಿಇ ಕಂಪನಿಯ ಎಫ್-404 ಎಂಜಿನ್. ಮೊದಲ ಒಪ್ಪಂದದ ಮೊದಲ ಎಂಜಿನ್ ಕೈಗೆ ಬಂದದ್ದು 2025ರಲ್ಲಿ. ಒಡಲು ಬೆಂಗಳೂರಿನಲ್ಲಿ ಸಿದ್ಧವಿದ್ದರೂ ಎದೆಬಡಿತಕ್ಕೆ ಕಡಲಾಚೆ ಕಾಯಬೇಕಾಯಿತು. ಎಂಜಿನ್ ನಮ್ಮದಾಗುವವರೆಗೆ ಸ್ವದೇಶಿ ಎಂಬ ಮಾತನ್ನು ಎಚ್ಚರದಿಂದಲೇ ಆಡಬೇಕು. 2025ರ ಅಕ್ಟೋಬರ್ 17ರಂದು ನಾಸಿಕ್‌ನ ಕಾರ್ಖಾನೆಯಲ್ಲಿ ತಯಾರಾದ ಮೊದಲ ಮಾರ್ಕ್-1ಎ ಓಝರ್‌ನ ರನ್‌ವೇಯಿಂದ ಏರಿತು. ಅದೇ ಓಝರ್‌ನಲ್ಲೇ 11 ಬಿಆರ್‌ಡಿಯವರು ಹಳೆಯ ಯುದ್ಧವಿಮಾನಗಳನ್ನು ಬಿಚ್ಚಿ ಕಟ್ಟುತ್ತಾರೆ.

ಕಾನ್ಪುರದ ಆವ್ರೊಗಳ ಜಾಗಕ್ಕೆ 56 ಸಿ-295 ವಿಮಾನಗಳು ಬರುತ್ತಿವೆ. 16 ಸ್ಪೇನ್‌ನಿಂದ ಬಂದಾಗಿವೆ, 40 ವಡೋದರಾದಲ್ಲಿ ತಯಾರಾಗಬೇಕು. ವಾಯುಪಡೆಯ ಸಾಗಣೆ ವಿಮಾನವನ್ನು ದೇಶದ ಖಾಸಗಿ ಕಾರ್ಖಾನೆ ಪೂರ್ತಿಯಾಗಿ ಕಟ್ಟುವುದು ಇದೇ ಮೊದಲು. ನಾಗಪುರದ ದಕ್ಷಿಣದಂಚಿನ ಮಿಹಾನ್‌ನಲ್ಲೂ ವಿಮಾನದ ಕೆಲಸ ಬೆಳೆಯುತ್ತಿದೆ. ಬೋಯಿಂಗ್ ನೆರವಿನಿಂದ ಏರ್ ಇಂಡಿಯಾಕ್ಕಾಗಿ ಕಟ್ಟಿದ ದುರಸ್ತಿ ಕೇಂದ್ರ 2015ರಿಂದ ಅಲ್ಲಿದೆ, ಫ್ರಾನ್ಸ್‌ನ ದಸೊ ಪಾಲುದಾರಿಕೆಯ ಕಾರ್ಖಾನೆಯಲ್ಲಿ ಫಾಲ್ಕನ್ ವಿಮಾನದ ಭಾಗಗಳು ತಯಾರಾಗುತ್ತವೆ. ಬಜಾಜ್ ನಗರಕ್ಕೆ ತಾಗಿಕೊಂಡಿರುವ ವಿಎನ್‌ಐಟಿಯ ಎಂಜಿನಿಯರಿಂಗ್ ವಿದ್ಯಾರ್ಥಿಗೆ ವಿಮಾನದ ಉದ್ಯೋಗ ಹುಡುಕಲು ಇಂದು ಊರು ಬಿಡಲೇಬೇಕೆಂದಿಲ್ಲ.

2022ರ ನವೆಂಬರ್‌ನಲ್ಲಿ ಮೇಂಟೆನೆನ್ಸ್ ಕಮಾಂಡ್ ತನ್ನ ಅಂಗಳದಲ್ಲೇ ಏರ್‌ಫೆಸ್ಟ್ ನಡೆಸಿತು. ವಾಯುಸೇನಾ ನಗರದ ಮೇಲೆ ಸೂರ್ಯಕಿರಣ್ ತಂಡದ ಕೆಂಪು ಬಿಳಿ ಹಾಕ್ ವಿಮಾನಗಳು ಹೊಗೆಯ ಗೆರೆ ಎಳೆದವು. ಈ ತಂಡದ ತವರು ಬೀದರ್. 1996ರಲ್ಲಿ ಎಚ್‌ಎಎಲ್‌ನ ಕಿರಣ್ ವಿಮಾನಗಳೊಂದಿಗೆ ಹುಟ್ಟಿ, 2011ರಲ್ಲಿ ಅದು ನಿಂತುಹೋಗಿತ್ತು. ತರಬೇತಿಗೆ ವಿಮಾನ ಸಾಲದೆ ತಂಡದ ಕಿರಣ್‌ಗಳನ್ನು ಕೆಡೆಟ್‌ಗಳಿಗೆ ಕೊಡಬೇಕಾಗಿ ಬಂದದ್ದು ಅದಕ್ಕೆ ಕಾರಣ. ಬೆಂಗಳೂರಿನಲ್ಲಿ ತಯಾರಾದ ಹಾಕ್‌ಗಳು ಸಿಕ್ಕ ಮೇಲೆ 2015ರಲ್ಲಿ ಮತ್ತೆ ಕೂಡಿಕೊಂಡಿತು. ರನ್‌ವೇ ಇಲ್ಲದ ಆ ಗುಡ್ಡದ ಮೇಲೆ ಒಂಬತ್ತು ವಿಮಾನಗಳು ಒಟ್ಟಾಗಿ ಹಾದುಹೋದಾಗ ಊರಿನ ಜನ ತಲೆ ಎತ್ತಿ ನೋಡಿದರು. ಒಂದೊಂದರ ಎಫ್-700 ಮೇಲೂ ಅಂದು ಬೆಳಗ್ಗೆ ಯಾರೋ ಒಬ್ಬ ಏರ್‌ಮನ್ ಸಹಿ ಹಾಕಿದ್ದ.